ಉಪ್ಪಳದಲ್ಲೊಂದು ಸಂಧಿಪಾಠ

ಪಾಲಿಟೆಕ್ನಿಕ್ಕಿನ ಬಸ್ಸು ಕೆಟ್ಟಿತ್ತು. ಹಾಗಾಗಿ
ಇಪ್ಪತ್ತಮೂರು ಮಕ್ಕಳನ್ನು ಸರ್ವಿಸ್ ಬಸ್ಸಿಗೆ ಹತ್ತಿಸಿ
ಕುಂಬಳೆ ದಾಟಿ ಉಪ್ಪಳದಲ್ಲಿ ಇಳಿದಾಗ
ಹನ್ನೊಂದು ಗಂಟೆ. ಆಟಿ ತಿಂಗಳ ಬಿಸಿಲು,
ಎರಡು ಮಳೆಗಳ ನಡುವೆ ಕದ್ದು ಬಂದದ್ದು.

ಅಂದುಞಿಯವರ ಹಳೆಮರದ ಅಂಗಳ.
ಹೆದ್ದಾರಿ ಅಗಲವಾದಾಗ ಜಾಗ ಬಿಟ್ಟುಕೊಟ್ಟ ಮನೆಗಳೆಲ್ಲ
ಇಲ್ಲಿ ಅಡ್ಡಡ್ಡ ಮಲಗಿವೆ:
ಜಂತಿ, ಪಕ್ಕಾಸು, ದಾರಂದ, ಬೋದಿಗೆ,
ಯಾರದೋ ಮುಚ್ಚಿಗೆಯ ಹಲಗೆ, ಅದರಲ್ಲಿ ಇನ್ನೂ
ಫ್ಯಾನಿನ ಕೊಕ್ಕೆ.
"ಮುಟ್ಟಿ ನೋಡಿ, ಮೊಳೆ ಚುಚ್ಚಿಸಿಕೊಳ್ಳಬೇಡಿ"
ಎಂಬಲ್ಲಿಗೆ ನನ್ನ ಪೀಠಿಕೆ ಮುಗಿಯಿತು.

ಪುಸ್ತಕದಲ್ಲಿ ಮರವೆಂದರೆ ಒಂದು ಆಯತ,
ಒಳಗೆ ನಾಲ್ಕು ಗೀಟು. ಇಲ್ಲಿ ಅದಕ್ಕೆ ವಾಸನೆಯಿದೆ.
ಜಿಷ್ಣು ಮೂಸಿ ಹೇಳಿದ: ಹಲಸು. ಸರಿ.
ಅನ್ಷಿಫ್ ಎತ್ತಲು ಹೋಗಿ ಸೋತ: ಇರುಳು.
ಹೆಸರೇ ಕಪ್ಪು, ಭಾರವಿಲ್ಲದೆ ಇರುತ್ತದೆಯೇ?
ತೇವಮಾಪಕದ ಎರಡು ಹಲ್ಲು ಊರಿದರೆ
ಹದಿನೆಂಟು, ಹತ್ತೊಂಬತ್ತು.
ಕಡಿದು ಎಂಬತ್ತು ವರ್ಷವಾದರೂ
ಆಟಿಯಲ್ಲಿ ನೀರು ಕುಡಿಯುವ ಚಾಳಿ ಬಿಟ್ಟಿಲ್ಲ.
ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ.
ಬರೆದುಕೊಳ್ಳಿ, ಹತ್ತು ಅಂಕದ ಪ್ರಶ್ನೆ.

ಆಗ ಪೈವಳಿಕೆಯ ಧನ್ವಿತಾ,
ಶಾಲೆಯುದ್ದಕ್ಕೂ ಕನ್ನಡದಲ್ಲೇ ಓದಿ ಬಂದು
ನನ್ನ ಇಂಗ್ಲಿಷಿಗೂ ಗೆಳೆಯರ ಮಲಯಾಳಕ್ಕೂ ನಡುವೆ
ತಿಂಗಳುಗಟ್ಟಲೆ ಸುಮ್ಮನಿದ್ದವಳು,
ಒಂದು ತೊಲೆಯ ತುದಿ ಹಿಡಿದು ಕೇಳಿದಳು:
"ಸರ್, ಇದು ಲೋಪವಾ, ಆಗಮವಾ?"

ನಕ್ಕರು. ನನಗೂ ಬಂತು, ತಡೆದೆ.
ಅವಳ ಬೆರಳಿದ್ದದ್ದು
ಯಾವುದೋ ಆಚಾರಿ ಕೆತ್ತಿ ಬಿಟ್ಟ ನಾಲಗೆಯ ಮೇಲೆ.
ಇಕ್ಕೆಲದ ಮರ ಹೋಗಿ ನಡುವಿನದು ಉಳಿದಿದೆ.
ಮರದ, ಒಳಗೆ. ಮರದೊಳಗೆ.
ಒಂದು ಅಕಾರ ಬಿದ್ದುಹೋದ ಮೇಲಷ್ಟೇ
ಎರಡು ಪದ ಹೊಂದಿ ಕೂತದ್ದು.
"ಲೋಪ," ಎಂದೆ.
"ಹಾಗಾದರೆ ಬೆಣೆ ಆಗಮ," ಎಂದಳು,
ಮರವನ್ನು ಎಂಬಲ್ಲಿ ನಡುವೆ ಬಂದು ಕೂತ ವಕಾರದ ಹಾಗೆ
ಎರಡು ಕಡೆಯ ನೆಂಟನೂ ಅಲ್ಲ,
ಎದ್ದು ಹೋದರೆ ಮಾತ್ರ ಎರಡೂ ಅಲುಗುತ್ತವೆ.

"ನಮಗೂ ಉಂಟು ಸರ್," ಮಿಸ್ರಿಯಾ ಕೈಯೆತ್ತಿದಳು,
"ಮಲಯಾಳದಲ್ಲಿ ಒಂದು ಹೆಚ್ಚು, ದ್ವಿತ್ವ."
ಅಗೋ ಅಲ್ಲಿ, ಎಂದು ತೋರಿಸಿದೆ,
ಎರಡು ಹಲಗೆ ಬೆನ್ನಿಗೆ ಬೆನ್ನು ಹಚ್ಚಿ
ಬೋಲ್ಟು ಬಿಗಿದ ತೊಲೆ.

ನಾಲಗೆಯ ಬುಡದಲ್ಲಿ ಉಳಿಯ ಗುರುತು:
ಮೂರು ಗೀಟು, ಒಂದು ಚುಕ್ಕಿ.
ಇದೇ ಗುರುತಿನ ಬಾಯಿ ಇನ್ನೊಂದು ಮರದಲ್ಲಿರಬೇಕು,
ಆಚಾರಿಗಳ ಲೆಕ್ಕ ಅದು, ಎಂದದ್ದೇ ತಪ್ಪಾಯಿತು.
ಅಳತೆಪಟ್ಟಿ ಎಸೆದು ಇಪ್ಪತ್ತಮೂರೂ ಜನ
ರಾಶಿ ಮಗುಚಿದರು.
ಎರಡು ಗೀಟು ಸಿಕ್ಕಿತು. ನಾಲ್ಕು ಸಿಕ್ಕಿತು. ಚೇಳು ಸಿಕ್ಕಿತು.
ಮೂರು ಗೀಟು, ಚುಕ್ಕಿ: ಇಲ್ಲ.

ಅಂದುಞಿ ಬೀಡಿ ಹೊಸಕಿ ಎದ್ದು ಬಂದರು.
"ಆ ಕಂಬ ಹೋಯಿತಲ್ಲ ಮಾಷೆ, ಬೇಕಲಕ್ಕೆ, ರಿಸಾರ್ಟಿಗೆ.
ಮಲಗಿಸಿ, ಮೇಲೆ ಗಾಜು ಇಟ್ಟು
ಮೇಜು ಮಾಡಿದ್ದಾರಂತೆ."
"ಆದೇಶ," ಎಂದಳು ಧನ್ವಿತಾ, ನಗದೆ.
ಒಂದರ ಜಾಗಕ್ಕೆ ಇನ್ನೊಂದು.
ಅಷ್ಟರಲ್ಲಿ ಮಳೆ.

ನವೆಂಬರಿನ ಪರೀಕ್ಷೆ. ಪ್ರಶ್ನೆ ಏಳು, ಬಿ:
ಸಂದಿನ ಚಿತ್ರ ಬರೆದು ವಿವರಿಸಿ.
ಅವಳ ನಾಲಗೆ ಸರಿಯಾಗಿ ಮೂರನೇ ಒಂದು ದಪ್ಪ,
ಅಳತೆ ಮಿಲ್ಲಿಮೀಟರಿನಲ್ಲಿ, ಇಂಗ್ಲಿಷೂ ಪರವಾಗಿಲ್ಲ.
ಬಾಯಿಯ ಪಕ್ಕದಲ್ಲಿ ಮಾತ್ರ, ಪೆನ್ಸಿಲಿನಲ್ಲಿ,
ಮೂರು ಗೀಟು, ಒಂದು ಚುಕ್ಕಿ.

ಅದಕ್ಕೆ ಅಂಕ ಕೊಡಲು ಕಾಲಮ್ಮಿಲ್ಲ.
ಗಾಳಿಗೆ ಕಾಗದ ಹಾರುತ್ತಿತ್ತೆಂದು ಎದ್ದು
ಸ್ಟಾಫ್‌ರೂಮಿನ ಕಿಟಕಿ ಎಳೆದೆ.
ಆಟಿಯಿಡೀ ಜಗ್ಗಿದರೂ ಬಾರದಿದ್ದ ಬಾಗಿಲು
ಸಲೀಸಾಗಿ ಬಂದು ಕೂತಿತು.