ಒಂದು ಚಮಚ ಎಣ್ಣಿ

ಕಿಕ್ ಹೊಡದ್ರ ಕಾಲು ಬೆಣ್ಣ್ಯಾಗ ಇಳಿಧಾಂಗ ಇಳೀತು.
ಗಟ್ಟಿ ಇರಬೇಕಾದಲ್ಲಿ ಮೆತ್ತಗಾಗೂದು
ರೋಗದ ಮೊದಲ ಮಾತು.
ಅರವತ್ತೇಳರ ಬುಲೆಟ್, ಟ್ಯಾಂಕಿನ ಮ್ಯಾಲ ಗುಬ್ಬಿ ಹಿಕ್ಕಿ,
ಹಳೇ ಬಾಗಲಕೋಟಿ ಬಿಟ್ಟು ನವನಗರಕ್ಕ ಬಂದ ದಿನದಿಂದ ನಿಂತದ್ದು,
ಇವತ್ತ ಟಂಟಂ ಏರಿ ನನ್ನ ಗ್ಯಾರೇಜಿಗೆ ಬಂತು.
ಬೆನ್ನ ಹಿಂದ ನರ್ಸಬಾಯಿ ಅನಸೂಯಾ ಹೂಲಗೇರಿ,
ಎಪ್ಪತ್ತೊಂಬತ್ತು ವರ್ಷ, ಕೈಯಾಗ ಆರ್.ಸಿ. ಬುಕ್ಕು,
ಅದರಾಗ ತೀರಿಕೊಂಡ ಗಂಡನ ಹೆಸರು.

"ಮಾರೂದೇನ್ರಿ?" ಅಂದೆ.
"ಮೊದಲ ರೋಗ ಹೇಳು, ಲಾಡಸಾಬ."

ಪ್ಲಗ್ ಬಿಚ್ಚಿ ಗೇಜ್ ಹಚ್ಚಿ, ಥ್ರಾಟಲ್ ಪೂರಾ ತಗದು
ಏಳೆಂಟು ಕಿಕ್. ಮುಳ್ಳು ನಲವತ್ತಕ್ಕ ಏರಿ
ಸುಸ್ತಾಗಿ ಕುಂತಿತು.
ನೂರು ಇರಬೇಕಾಗಿತ್ತು. ಹೋಗ್ಲಿ, ತೊಂಬತ್ತರೆ.

ಇಲ್ಲಿಂದ ಮುಂದ ಅವಸರ ಮಾಡಿದಾಂವ ಕೆಟ್ಟ.
ಪ್ಲಗ್ಗಿನ ತೂತಿನ್ಯಾಗ ಒಂದು ಚಮಚ ಎಣ್ಣಿ ಬಿಟ್ಟೆ.
"ಕೂಸಿಗೆ ಔಷಧ ಹಾಕಿಧಾಂಗ ಹಾಕ್ತೀಯಲ್ಲೋ" ಅಂದ್ಲು.
ಮತ್ತ ಕಿಕ್. ಎಪ್ಪತ್ತು.
ಎಣ್ಣಿ ಕುಡದು ಏರಿತಂದ್ರ ರಿಂಗ್ ಸವದಾವು.
ಎಣ್ಣಿ ಕುಡದೂ ನೂರು ಮುಟ್ಟಲಿಲ್ಲಂದ್ರ
ಕಳ್ಳರು ಇಬ್ಬರು.

ಎರಡನೇದಾಂವನ್ನ ಹಿಡಿಯಾಕ
ಗೇರ್ ಹಾಕಿ, ಹುಡುಗನ ಕಡೆ ಬ್ರೇಕ್ ಒತ್ತಿಸಿ,
ಪ್ಲಗ್ಗಿನ ತೂತಿಗೆ ಗಾಳಿ ಕೊಟ್ಟು ಕಿವಿ ಇಟ್ಟೆ.
ನಮ್ಮಪ್ಪ ಗಾದಿ ಅರಳಿ ಬಡಿಯಾಂವ,
ಬಿಲ್ಲಿನ ದನಿ ಮ್ಯಾಲಽ ಅರಳ್ಯಾಗ ಕಾಳು ಸಿಕ್ಕದ್ದು ಹೇಳ್ತಿದ್ದ.
ಆ ಕಿವಿ ನನಗ ಅರ್ಧ ಬಂದೈತಿ.
ಕಾರ್ಬೊರೇಟರ್ ಸುಮ್ಮನಿತ್ತು. ಸೈಲೆನ್ಸರಿನ್ಯಾಗ ಏನೋ…
ಬಸ್ಸಿನ ಹಾರ್ನು, ಬಾಜೂಕ ಜ್ಯೂಸಿನ ಮಿಕ್ಸರ್. ಹತ್ತಲಿಲ್ಲ.
ಆಕಿ ಚೀಲದಾಗ ಕೈ ಹಾಕಿ ಸ್ಟೆಥಸ್ಕೋಪ್ ತಗದ್ಲು,
ಮಸಿ ಹಿಡದ ಬಾಯಿಗೆ ಹಚ್ಚಿ ಕಣ್ಣು ಮುಚ್ಚಿದ್ಲು.
"ಇಲ್ಲೆ ಸೋರತೈತಿ. ಸಣ್ಣ ಸೀಟಿ."

ಹೆಡ್ಡು ಎತ್ತಿದ್ರ ಎಕ್ಸಾಸ್ಟ್ ವಾಲ್ವಿನ ಅಂಚು
ಇಲಿ ತಿಂದ ರೊಟ್ಟಿ.
ಸಿಲಿಂಡರಿನ ಗ್ವಾಡಿಗೆ ಮುಕ್ಕಾಲು ಎತ್ತರಕ್ಕ
ತುಕ್ಕಿನ ಗೆರಿ, ಸುತ್ತ, ಬಳಿಯ ಹಾಂಗ:
ಪಿಸ್ಟನ್ ಅಲ್ಲಿ ನಿಂತು ಇಪ್ಪತ್ತೆರಡು ವರ್ಷ.
"ಹಿನ್ನೀರು ನಮ್ಮ ಪಡಸಾಲಿಗೂ ಹಿಂಥಾದ್ದಽ ಬರದು ಹೋತು"
ಅನಕೋತ ಗೆರಿ ಮ್ಯಾಲ ಉಗುರು ಆಡಿಸಿದ್ಲು.
ಉಗುರು ತಡೀತು.
ಉಗುರು ತಡದ್ರ ಬೋರ್ ಮಾಡಸಬೇಕು.

ಗೋಣಿಚೀಲದಾಗ ಸುತ್ತಿ ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟೆ,
ಉದ್ಯಮಬಾಗಕ್ಕ.
ನಾಕು ದಿನಕ್ಕ ಹೊಳ್ಳಿ ಬಂತು, ಒಳಗ ಕನ್ನಡಿ,
ಕನ್ನಡಿ ಮ್ಯಾಲ ಬೇಕಂತಽ ಅಡ್ಡಡ್ಡ ಗೀರು.
ಪೂರಾ ನುಣುಪಾದ್ರ ಎಣ್ಣಿ ನಿಲ್ಲೂದಿಲ್ಲ.

ರಿಂಗಿನ ಸಂದು ಹದಿನೈದು ಥೌ.
ಮೂರೂ ಏರಿಸಿದೆ, ಬಾಯಿ ಮೂರು ದಿಕ್ಕಿಗೆ.
ನೆಗೆಣ್ಣ್ಯಾರು ಮಾರಿ ತಿರುವಿ ಕುಂತ್ರ ಮನಿ ಒಡೀತೈತಿ ಅಂತಾರ,
ಈ ಮನಿ ಹಂಗಽ ಉಳೀತೈತಿ.
ವಾಲ್ವಿಗೆ ಪೇಸ್ಟ್ ಹಚ್ಚಿ ಅಂಗೈ ನಡುವ ಕೋಲು ತಿರುವಿದೆ,
ಮಜ್ಜಿಗಿ ಕಡಿಧಾಂಗ, ಬೂದಿಬಣ್ಣದ ಉಂಗುರ
ಎಲ್ಲೂ ಮುರಿಲಾರ್ದ ಮೂಡೂತನಕ.
ಸೀಮಿಎಣ್ಣಿ ಹಾಕಿ ರಾತ್ರಿ ಇಟ್ಟೆ.
ಮುಂಜಾನೆ ನೋಡಿದ್ರ ಹನಿ ಇಳಿದಿದ್ದಿಲ್ಲ.

ಜೋಡಸುವಾಗ ಕಂಡದ್ದು ಇಷ್ಟು:
ಕ್ಲಚ್ಚಿನ ಹಿಡಿ ಯಾರೋ ಒಳಕ್ಕ ಬಗ್ಗಿಸ್ಯಾರ, ಸಣ್ಣ ಕೈಗೆ ಸಿಗೂ ಹಾಂಗ.
ಗೇರಿನ ಕಡ್ಡಿಗೆ ಒಂದಽ ಜಾಗಾದಾಗ ಆಳ ಗೀರು,
ಬೂಟಿಂದಲ್ಲ,
ಕಾಲುಂಗುರ ತಿಕ್ಕಿದ್ದು.
ಆರ್.ಸಿ. ಬುಕ್ಕು ಇದನ್ನ ಹೇಳಿದ್ದಿಲ್ಲ.
ನಾನೂ ಕೇಳಲಿಲ್ಲ.

ಗೇಜು ನೂರಾ ಎರಡು ತೋರಿಸಿದ ದಿನ
ಆಕಿ ಸೆರಗು ಸಿಗಿಸಿ, ಡಿಕಂಪ್ರೆಶನ್ ಒತ್ತಿ,
ಆಂಪಿಯರ್ ಮುಳ್ಳು ನಡುವ ಬರೂತನಕ ಕಿಕ್ ಮೆಲ್ಲಗ ಇಳಿಸಿ,
ತಡದು,
ನಲವತ್ತಾರು ಕಿಲೋ ಒಮ್ಮೆಲೆ ಬಿಟ್ಲು.
ಕಿಕ್ ಹೊಳ್ಳಿ ಹೊಡೀತು. "ಹಾಂ, ಈಗ ಜೀವ ಐತಿ"
ಮೊಣಕಾಲು ತಿಕ್ಕೋತ ಅಂದ್ಲು, ಮತ್ತ ಹತ್ತಿದ್ಲು.
ಎರಡನೇ ಸಲಕ್ಕ ಜ್ಯೂಸಿನ ಮಿಕ್ಸರ್ ದನಿ ಯಾರಿಗೂ ಕೇಳಲಿಲ್ಲ.

"ಗಂಡಸರು ಗಾಡಿ ತರೂತನಕ ಕಾಯಂದ್ರ
ಕೂಸು ಕಾಯ್ತೈತೇನ?"
ಅಷ್ಟಽ ಅಂದದ್ದು, ಆ ಗದ್ದಲದಾಗ.

ಐದನೂರು ಕಿಲೋಮೀಟರ್ ತನಕ ನಲವತ್ತು ದಾಟಸಬ್ಯಾಡ್ರಿ ಅಂದೆ.
ಮೊಮ್ಮಗ ಓಡಿಸಿದ, ಆಕಿ ಹಿಂದ ಕುಂತು
ಸರ್ಕಲ್ ಬರೂದ್ರಾಗ ಎರಡು ಸಲ ಬೆನ್ನಿಗೆ ಗುದ್ದಿದ್ಲು, ಗೇರ್ ಬದಲಸೋ ಅಂತ.
ನಿಂತಿದ್ದ ಜಾಗಾದಾಗ ಒಂದು ಹನಿ ಎಣ್ಣಿ.
ಟ್ಯಾಪೆಟ್ ಮುಚ್ಚಳದ್ದು. ಅದು ರೋಗ ಅಲ್ಲ,
ಬುಲೆಟ್.