ಎಡಗಾಲು

ಪವಿತ್ರ ಗುರುವಾರ ಸಂಜೆ ಹನ್ನೆರಡು ಕುರ್ಚಿ ಹಾಕಿದ್ದರು,
ಹನ್ನೊಂದು ಜನ ಬಂದಿದ್ದರು.
ಹನ್ನೆರಡನೆಯವನಿಗೆ ಕಾಮಣಿಯಂತೆ.
‘ಚೌರಪ್ಪ, ನೀನೇ ಬಾ’ ಅಂದರು ಉಪದೇಶಿ.
ಯಾರ ಕುರ್ಚಿ ಅಂತ ಕೇಳಲಿಲ್ಲ,
ಯೂದನದ್ದೇ ಇರಬಹುದು, ಹೋಗಿ ಕೂತೆ.

ಕೌಲ್ ಬಜಾರಿನಲ್ಲಿ ಇಪ್ಪತ್ತಾರು ವರ್ಷ
ಜೀನ್ಸ್ ಹೊಲಿದವನು ನಾನು.
ಅಂಗಾಲು ನೀಲಿ, ಉಗುರ ಸಂದಿ ನೀಲಿ,
ನಾನು ಮಿಂದೆದ್ದ ಬಚ್ಚಲೂ ನೀಲಿ.
‘ನಿನ್ನ ಹೂಳಿದರೆ ಮಣ್ಣೂ ಬಣ್ಣ ಬಿಟ್ಟೀತು’
ಅನ್ನುತ್ತಾಳೆ ಲೂರ್ದಮ್ಮ.

ಸಕ್ಕರೆ ಕಾಯಿಲೆಗೆ ಈಗ ಏಳು ವರ್ಷ.
ಈ ಸಲದ ತಪಸ್ಸುಕಾಲಕ್ಕೆ ಏನು ಬಿಡಲಿ ಎಂದು ಯೋಚಿಸಿದೆ.
ಬೀಡಿ ಹೋದ ವರ್ಷವೇ ಬಿಟ್ಟಾಗಿತ್ತು.
ಮಾಂಸ ಹೇಗೂ ತಿಂಗಳಿಗೊಮ್ಮೆ.
ಬಿಡಲು ಉಳಿದದ್ದು ಗುಳಿಗೆ.
ಬೆಳಿಗ್ಗೆ ಒಂದು, ರಾತ್ರಿ ಒಂದು,
ನಲವತ್ತು ದಿನಕ್ಕೆ ಎಂಬತ್ತು;
ಎಂಬತ್ತು ಸಲ ನಿನ್ನನ್ನೇ ನಂಬಿದೆ ಸ್ವಾಮಿ
ಅನ್ನಬಹುದಲ್ಲ!
ಗುಳಿಗೆ ಪಟ್ಟಿಗಳನ್ನು ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟೆ,
ಲೂರ್ದಮ್ಮನ ಕೈಗೆ ಎಟುಕದ ಒಂದೇ ಜಾಗ ಅದು.

ಬಳ್ಳಾರಿಯ ಬಿಸಿಲು ಗೊತ್ತಲ್ಲ,
ರಾತ್ರಿ ಹತ್ತಾದರೂ ಗುಡ್ಡದ ಬಂಡೆ ರೊಟ್ಟಿ ಹಂಚು.
ಶುಕ್ರವಾರ ಶುಕ್ರವಾರ ಬರಿಗಾಲಲ್ಲಿ
ಶಿಲುಬೆಯ ಹಾದಿ ನಡೆದೆ, ಹದಿನಾಲ್ಕೂ ಸ್ಥಳ.
ಹಿಂದಿನವರು ಕಾಲೆತ್ತಿ ಕಾಲೆತ್ತಿ ಕುಣಿಯುತ್ತಿದ್ದರು.
ನನಗೆ ಸುಡಲಿಲ್ಲ.
ಸುಡಲೇ ಇಲ್ಲ.
ಕೃಪೆ, ಅಂದುಕೊಂಡೆ.

ಫಾದರ್ ಇನ್ನಾಸಪ್ಪ ಕುರ್ಚಿ ಹಿಡಿದು ಮಂಡಿಯೂರಿದರು,
ಅವರಿಗೂ ಮಂಡಿ ನೋವು.
ಬಲಗಾಲು ಚಾಚಿದೆ, ವಾಡಿಕೆಯಂತೆ.
ಅವರು ನನ್ನ ಕಾಲು ನೋಡಲಿಲ್ಲ, ನೆಲ ನೋಡಿದರು.
ಬಾಗಿಲಿನಿಂದ ಕುರ್ಚಿಯವರೆಗೆ ಕಡಪಾ ಕಲ್ಲಿನ ಮೇಲೆ
ಹೆಜ್ಜೆ ಬಿಟ್ಟು ಹೆಜ್ಜೆಗೆ ಒಂದು ಒದ್ದೆ ಗುರುತು.
ಎಡಗಾಲು ಎತ್ತಿ ತಿರುಗಿಸಿದರು.
‘ಯಾವಾಗಿಂದ ಐತಿ ಇದು?’
‘ಯಾವುದು?’ ಅಂದೆ.

ಕಿರುಬೆರಳ ಬುಡದಲ್ಲಿ
ಹದಿನೆಂಟನೇ ನಂಬರಿನ ಸೂಜಿಯ ಮುರುಕು,
ಅದರ ಸುತ್ತ ರೂಪಾಯಿ ಅಗಲದ ಕುಳಿ.
ತಟ್ಟೆಯ ನೀರು ಮೊದಲು ನೀಲಿಯಾಯಿತು,
ಆಮೇಲೆ ಇನ್ನೊಂದು ಬಣ್ಣ.
ಗಾನವೃಂದದವರು ಅದೇ ಚರಣವನ್ನು ನಾಲ್ಕನೇ ಸಲ ಎತ್ತಿಕೊಂಡರು,
ಈ ಕಾಲು ಮುಗಿಯಲಿ ಎಂದು.

‘ಗುಳಿಗೆ?’
‘ಬಿಟ್ಟೀನಿ ಫಾದರ್. ಯೇಸುವಿಗೋಸ್ಕರ.’
ಬೈಯಲಿಲ್ಲ. ಸೊಂಟದ ಟವೆಲು ಬಿಚ್ಚಿ ಕಾಲಿಗೆ ಸುತ್ತುತ್ತ,
ನನಗಷ್ಟೇ ಕೇಳುವಂತೆ ಅಂದರು:
‘ಧಣಿ ಹೊಲೀಲಿಕ್ಕೆ ಕೊಟ್ಟ ಬಟ್ಟಿ
ನಿನ್ನ ಕೈಯಾಗ ಹರದ್ರ ಏನಂತಿ ಅವಗ?
ಪ್ರಾರ್ಥನಿ ಮಾಡೀನಿ ಅಂತೀಯೇನು?’

ಅಲ್ಲಿಂದ ಆಟೋ, ದೊಡ್ಡಾಸ್ಪತ್ರೆ.
ಗುಡಿಯಲ್ಲಿ ಆ ರಾತ್ರಿ ಜಾಗರಣೆ,
ವಾರ್ಡಿನಲ್ಲಿ ಲೂರ್ದಮ್ಮನದೂ.
ಡ್ರಿಪ್ಪಿನ ಹನಿ ಎಣಿಸುತ್ತ ಒಂದೇ ಮಾತು ಅಂದಳು,
‘ಶಿಲುಬೆ ಹಿಂದೆ ಏನು ಮುಚ್ಚಿಟ್ಟರೂ
ಅವನಿಗೆ ಬೆನ್ನಿಗೇ ಚುಚ್ಚೋದು.’
ಶನಿವಾರ ಕಿರುಬೆರಳು ತೆಗೆದರು.
ಪಾಸ್ಕದ ಗಂಟೆ ಮಂಚದಲ್ಲೇ ಕೇಳಿದೆ.

ಈಗ ಪೀಠದವರೆಗೂ ಚಪ್ಪಲಿ ಹಾಕಿಯೇ ಹೋಗುತ್ತೇನೆ,
ಮುಂದಿನ ಬೆಂಚಿನ ಕೆಲವರು ಗೊಣಗುತ್ತಾರೆ.
ಗೊಣಗಲಿ, ಅವರ ಕಾಲಿಗೆ ಸುಡುತ್ತದೆ,
ಪುಣ್ಯವಂತರು.

ರಾತ್ರಿ ಮಷೀನು ನಿಂತ ಮೇಲೆ
ಲೂರ್ದಮ್ಮನ ದುಂಡು ಕನ್ನಡಿ ನೆಲಕ್ಕಿಟ್ಟು
ಬಲ್ಬಿನ ಕೆಳಗೆ ಅಂಗಾಲು ಓದುತ್ತೇನೆ.
ಕೈಯಲ್ಲಿ ಜಪಸರ.
ಮಣಿಗೊಂದು ಬೆರಳು, ಬೆರಳಿಗೊಂದು ನಮೋ ಮರಿಯ,
ಸಂದಿ ಒರೆಸಿ, ಒತ್ತಿ ನೋಡಿ, ಮುಂದಿನ ಮಣಿ.
ಹತ್ತನೆಯದು ಬಂದಾಗ ಬೆರಳಿಲ್ಲ.
ಅಲ್ಲಿ ಗುಳಿಗೆ ನುಂಗಿ
ಅರ್ಧ ಲೋಟ ನೀರು ಕುಡಿಯುತ್ತೇನೆ.