ಕುಂಯ್

ಸಂತೇಪೇಟೆಯ ಈ ಗೋದಾಮಿನಲ್ಲಿ ಮೊನ್ನೆಮೊನ್ನೆವರೆಗೆ
ಬಿತ್ತನೆ ಆಲೂಗಡ್ಡೆ ಮಲಗಿರುತ್ತಿತ್ತು.
ಸುಣ್ಣ ಬಳಿದರೂ ಗೋಡೆ ಇನ್ನೂ
ಮಣ್ಣನ್ನೇ ಉಸಿರಾಡುತ್ತದೆ.
ತೊಲೆಯಲ್ಲಿ ಹಳೇ ತಕ್ಕಡಿಯ ಕೊಕ್ಕೆ,
ಅದಕ್ಕೇ ಒಂದು ಕೆಂಪು ಬಲ್ಬು.
ಬಾಗಿಲಲ್ಲಿ ಟಿಕೇಟು: ನೂರೈವತ್ತು, ಜೊತೆಗೊಂದು ಟೀ.

ನಾನು ಮೈಕ್‌ಸೆಟ್ಟಿನ ಕಾಳಾಚಾರಿ.
ಮೂವತ್ತೊಂದು ವರ್ಷ
ಮದುವೆ, ಮುಂಜಿ, ಎಲೆಕ್ಷನ್ನು, ಹನ್ನೊಂದನೇ ದಿನ,
ಎಲ್ಲದರಲ್ಲೂ ಮಾಡಿದ್ದು ಒಂದೇ ಕೆಲಸ:
ಕುಂಯ್ ಅಂದರೆ ಕತ್ತು ಹಿಸುಕುವುದು.
ಮೈಕು ಬಾಕ್ಸಿನ ಮುಖ ನೋಡಬಾರದು ಕಣೋ,
ನೋಡಿದರೆ ತನ್ನ ದನಿ ತಾನೇ ಕೇಳಿಸಿಕೊಂಡು
ಹುಚ್ಚೆದ್ದು ಕಿರುಚುತ್ತೆ, ಥೇಟ್ ಮನುಷ್ಯರ ಥರ,
ಅಂತ ಕೆಲಸ ಕಲಿಸಿದ ಅಮೀರ್‌ಜಾನ್ ಸಾಬರು.
ನನ್ನ ಎಡಗಿವಿಯೊಳಗೆ ಈಗ ಹಗಲೂ ರಾತ್ರಿ
ಒಂದು ಸಣ್ಣ ಕುಂಯ್.
ಅದಕ್ಕೆ ಸ್ವಿಚ್ಚಿಲ್ಲ. ಯಾರಿಗೂ ಹೇಳಿಲ್ಲ.

ಇವತ್ತಿನವರು ನಾಲ್ಕು ಜನ. ಬ್ಯಾಂಡಿನ ಹೆಸರು ತ್ರೀ ಫೇಸ್.
ನಾಲ್ಕು ಜನಕ್ಕೆ ಮೂರು ಯಾಕಮ್ಮ ಅಂದೆ.
ನ್ಯೂಟ್ರಲ್ ಬೇಡ್ವಾ ಅಣ್ಣ, ಅಂದಳು ಡ್ರಮ್ಮಿನ ಹುಡುಗಿ.
ನಾಜ್ನೀನ್. ಪೆನ್‌ಷನ್ ಮೊಹಲ್ಲಾದವಳು,
ಹಗಲು ಪಾಲಿಟೆಕ್ನಿಕ್ಕಿನಲ್ಲಿ ಮೋಟಾರು ಬಿಚ್ಚುತ್ತಾಳೆ.
ಚಿನ್ನಪ್ಪನ ಗಿಟಾರು ಚರ್ಚಿನಲ್ಲಿ ಕಲಿತದ್ದು,
ತಂತಿ ಮುಟ್ಟಿದರೆ ಮಾತ್ರ
ಘಾಟಿ ಹತ್ತುವ ಲಾರಿ ಗೇರು ಬದಲಿಸಿದ ಹಾಗೆ.
ಬೇಸಿನ ಯೋಗಾನಂದ ತುಟಿ ಬಿಚ್ಚುವವನಲ್ಲ,
ಎದೆಮೂಳೆಯ ಜೊತೆ ನೇರ ವ್ಯವಹಾರ.

ನಾಲ್ಕನೆಯವರು ದುದ್ದದ ಕಡೆಯ ದ್ಯಾವಯ್ಯ. ಮೌರಿ.
ಎಷ್ಟು ಚಪ್ಪರಗಳಲ್ಲಿ ಜೊತೆಗಿದ್ದೆವು ನಾವು,
ಜೊತೆಗೆ ಅಂದರೆ, ನಾನು ಒಳಗೆ, ಅವರು ಹೊರಗೆ.
ಒಮ್ಮೆ ಕೇಳಿದ್ದರು, ನಂಗೂ ಒಂದು ಮೈಕು ಇಡು ಆಚಾರಿ.
ನಿನ್ನ ವಾಲಗ ಮೂರೂರಿಗೆ ಕೇಳ್ತದೆ, ಮೈಕ್ಯಾಕೆ,
ಅಂತ ನಗಿಸಿದ್ದೆ. ಅವರೂ ನಕ್ಕಿದ್ದರು.
ಆಮೇಲೆ ಕೊನೇ ಪಂಕ್ತಿಯೂ ಎದ್ದ ಮೇಲೆ
ಎಲೆ ಹಿಡಿದು ಕೂತಿದ್ದರು.

ಇವತ್ತು ಅವರ ಮುಂದೆ ಸ್ಟ್ಯಾಂಡು ನಿಲ್ಲಿಸುವಾಗ
ಎತ್ತರದ ಸ್ಕ್ರೂ ಸರಿಯಿದ್ದರೂ
ಇನ್ನೂ ಎರಡು ಸುತ್ತು ತಿರುಗಿಸುತ್ತಲೇ ಇದ್ದೆ.

ನಲವತ್ತಮೂರು ಜನ. ಎಣಿಸಿದ್ದೇನೆ.
ಮೊದಲನೆಯದು ಯಾವ ತಾಳವೋ ದೇವರಿಗೇ ಗೊತ್ತು,
ಏಳಕ್ಕೆ ಕಾಲು ಹಾಕಿದರೆ ಐದಕ್ಕೇ ಮೆಟ್ಟಿಲು ಮುಗಿಯುತ್ತದೆ.
ಎರಡನೆಯದರಲ್ಲಿ ಚಿನ್ನಪ್ಪ ನುಡಿಸುವುದು ನಿಲ್ಲಿಸಿ
ನಡೆದು ಹೋಗಿ ಬಾಕ್ಸಿನ ಎದುರು ನಿಂತ.
ಗಿಟಾರು ಬಾಕ್ಸಿನ ಮುಖ ನೋಡಿತು.

ಕುಂಯ್.

ತಾನಾಗಿ ಹೋಯಿತು ಮೂವತ್ತೊಂದು ವರ್ಷದ ಬೆರಳು.
ನಾಜ್ನೀನ್ ಕೋಲೆತ್ತಿ ತಲೆಯಾಡಿಸಿದಳು: ಬೇಡ.
ಬಿಟ್ಟೆ.

ಅದು ಬೆಳೆಯಿತು.
ಮೇಲಿನ ತಗಡು ಝುಮ್ಮೆಂದಿತು, ಕೊಕ್ಕೆ ತೂಗಿತು,
ಯಾವ ಕಾಲದ ಗೋಣಿಧೂಳೋ
ಕೆಂಪು ಬೆಳಕಿನಲ್ಲಿ ನಿಧಾನ ಇಳಿಯಿತು.
ಇನ್ನೇನು ಜನ ಕಿವಿ ಮುಚ್ಚಬೇಕು,
ದ್ಯಾವಯ್ಯ ಕೆನ್ನೆ ಉಬ್ಬಿಸಿ
ಆ ಕೂಗಿನ ಮಗ್ಗುಲಿಗೆ ಒಂದು ಸ್ವರ ಇಟ್ಟರು,
ರಚ್ಚೆ ಹಿಡಿದ ಮಗುವಿನ ಪಕ್ಕ ಮಲಗಿದ ಹಾಗೆ.
ಕೂದಲೆಳೆಯಷ್ಟು ಕೆಳಗೆ.
ಒಂದನ್ನೊಂದು ಉಜ್ಜಿ ಗಾಳಿ ಗಡಗಡ ನಡುಗಿ,
ನಡುಕ ನಿಧಾನವಾಗಿ, ಇನ್ನೂ ನಿಧಾನವಾಗಿ,
ನಿಂತೇ ಹೋಯಿತು.
ಯಾವುದು ತಂತಿ ಯಾವುದು ಉಸಿರು
ನನ್ನ ಬೋರ್ಡಿನ ದೀಪಗಳಿಗೂ ತಿಳಿಯಲಿಲ್ಲ.

ಎಡಗಿವಿಯ ಒಳಗಿಂದ
ಆ ನನ್ನದೂ ಎದ್ದು ಹೊರಗೆ ಬಂದಿತ್ತು.
ಇಷ್ಟು ವರ್ಷ ನಾನೊಬ್ಬನೇ ಕೇಳಿದ್ದನ್ನು
ನಲವತ್ತಮೂರು ಜನ ಕೇಳುತ್ತಿದ್ದರು,
ಟೀ ಲೋಟ ಕೈಯಲ್ಲೇ ಆರಿಹೋಗುವಂತೆ.

ಮುಗಿದ ಮೇಲೆ ಮೊಣಕೈಗೆ ವೈರು ಸುತ್ತುತ್ತಿದ್ದೆ.
ದ್ಯಾವಯ್ಯ ಪೀಪಿ ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿ,
ನಿನ್ನ ಮೈಕು ಚೆನ್ನಾಗದೆ ಆಚಾರಿ, ಅಂದರು.
ಏನೋ ಹೇಳಬೇಕಿತ್ತು.
ವೈರು ಉದ್ದ ಇತ್ತು, ಸುತ್ತುತ್ತಲೇ ಇದ್ದೆ.

ಮೈಕಿನ ಜಾಲರಿಯಲ್ಲಿ ಅವರ ಉಸಿರಿನ ಪಸೆ.
ನಾಳೆ ವಿದ್ಯಾನಗರದಲ್ಲಿ ಗೃಹಪ್ರವೇಶ, ಬೆಳಗ್ಗೆ ಐದಕ್ಕೆ,
ಪುರೋಹಿತರ ಮಂತ್ರಕ್ಕೆ ಇದೇ ಮೈಕು.
ಬಟ್ಟೆ ಜೇಬಿನಲ್ಲೇ ಇತ್ತು.
ಒರೆಸಲಿಲ್ಲ.